ಗಂಗವ್ವ ಕೇಳಿದ ಎರಡನೇ ಹಲ್ಲು

ಗಂಗವ್ವ ಸಿಟ್ಟಾದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ರಬಕವಿಯ ತನ್ನ ಸೀರೆ ಅಂಗಡಿಯಲ್ಲಿ ಗಿರಾಕಿಗಳನ್ನು ಒಲಿಸುವ ಸವಿದನಿಯಲ್ಲೇ ಎಲ್ಲರನ್ನೂ ಮಾತಾಡಿಸುವಳು. ಜಮಖಂಡಿಯ ನನ್ನ ಹಲ್ಲಿನ ದವಾಖಾನೆಗೆ ಬಂದರೆ ಕಾಯುತ್ತ ಕೂತವರಿಗೂ ಶೇಂಗಾ ಹೋಳಿಗೆ ಹಂಚುವಳು. ಹಲ್ಲುನೋವಿನವರು ಅದನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂತಿರುತ್ತಿದ್ದರು.

ಮೊದಲ ಸಲ ಸೊಸೆ ಸಾವಿತ್ರಿಯನ್ನು ಕರೆತಂದಳು. ಮೇಲಿನ ಮುಂದಿನ ಹಲ್ಲು ಅರ್ಧ ಮುರಿದಿತ್ತು.

"ಬಚ್ಚಲದಾಗ ಜಾರಿ ಬಿದ್ದಾಳ್ರಿ. ಸಣ್ಣ ಮಗನ ಲಗ್ನ ಬಂದೈತಿ, ಬೀಗರು ಏನಂದಾರು?"

ನಾನು ಕೆಲಸ ಕಲಿಯುವಾಗ ಬಾಯಿತುಂಬ ಲೇಪ ಒತ್ತಿ ಅಚ್ಚು ತೆಗೆಯುತ್ತಿದ್ದೆವು. ಕೂರಿಸಿದ ಹಲ್ಲಿನ ಬುಡದಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ಈಗ ಪುಟ್ಟ ಕ್ಯಾಮೆರಾ ಬಾಯಲ್ಲಿ ಆಡಿಸಿದರೆ ಅಳತೆ ಕಂಪ್ಯೂಟರಿಗೆ ಬರುತ್ತದೆ, ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಬಿಳಿ ಗಟ್ಟಿಯಿಂದ, ಮುರಿದದ್ದರ ಮೇಲೆ ಕೂರುವ ಹಲ್ಲನ್ನು ಯಂತ್ರವೇ ಕೆತ್ತುತ್ತದೆ. ಬಣ್ಣವನ್ನು ಗಂಗವ್ವನೇ ಆರಿಸಿದಳು, ಸೀರೆಗೆ ಸೆರಗು ಹೊಂದಿಸಿದ ಹಾಗೆ.

"ಒಂಚೂರು ಹಳದಿ ಇರ್ಲಿ. ಭಾಳ ಬೆಳ್ಳಗಾದ್ರ ಮಂದಿಗೆ ಸಂಶೇ ಬರ್ತೈತಿ."

ಹಲ್ಲು ಕೂತ ಮೇಲೆ ಸೊಸೆಯ ಗಲ್ಲ ಸವರಿದಳು. "ನೋಡ್ರಿ, ಏನೂ ಆಗೇ ಇಲ್ಲ!"

ಮರುವರ್ಷ ಫೋನ್ ಮಾಡಿದಳು. "ಬಾಜೂದ ಹಲ್ಲೂ ಮುರದೈತ್ರಿ. ಅಳತಿ ನಿಮ್ಮ ಕಂಪ್ಯೂಟರದಾಗ ಐತೆಲ್ಲಾ? ಮಾಡಿ ಬಸ್ಸಿಗೆ ಕೊಟ್ಟು ಕಳಸ್ರಿ."

"ಹ್ಯಾಂಗ ಮುರೀತು?"

ನಕ್ಕಳು. "ಗಂಡಸರ ಕೈ ನೋಡ್ರಿ, ಒಮ್ಮೊಮ್ಮಿ ಭಾರ ಬೀಳ್ತೈತಿ. ಒಂದು ಜಾಸ್ತಿನ ಮಾಡಿಡ್ರಿ, ಪದೇ ಪದೇ ತ್ರಾಸ ಯಾಕ?"

ಸೊಸೆಯನ್ನು ಕರೆತರದೆ ಏನೂ ಮಾಡುವುದಿಲ್ಲ ಎಂದೆ.

ಬಂದರು. ಗಂಗವ್ವನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಸಾವಿತ್ರಿಯ ತುಟಿ ಇನ್ನೂ ಬಾತಿತ್ತು. ಪೊಲೀಸರಿಗೆ ಹೇಳೋಣವೇ ಎಂದು ಕೇಳಿದೆ. ಆಕೆ ಕನ್ನಡಿ ಹಿಡಿದು, ನಾನು ಕೂರಿಸಿದ ಹಲ್ಲನ್ನು ಉಗುರಿನಿಂದ ಮೀಟಿದಳು.

"ಇದನ್ನ ತಗ್ಯಾಕ ಬರ್ತೈತೇನ್ರಿ?"

"ಗಟ್ಟಿ ಐತೆಲ್ಲ, ಯಾಕ?"

"ಹ್ವಾದ ವರ್ಷ ಗಂಡ ಬಡದು ಹಲ್ಲು ಮುರದಾನಂದ್ರ ನಮ್ಮಪ್ಪ ನಂಬಲಿಲ್ರಿ. ಬಾಯಿ ತಗಿ ಅಂದ. ನೋಡಿದ. 'ಎಲ್ಲಾ ಹಲ್ಲು ನೆಟ್ಟಗದಾವು, ಸುಳ್ಳ ಹೇಳ್ತಿ' ಅಂತಂದು ತಿರುಗಿ ಕಳಿಸಿದ."

ಅಳತೆಗೆ ತೆಗೆದ ಕ್ಯಾಮೆರಾವನ್ನು ನಾನು ಬದಿಗಿಟ್ಟೆ.

"ಈಗ ಹೋಗಿ ತೋರಸ್ತೀನ್ರಿ. ನೀವು ಈ ಮುರದ ಹಲ್ಲು ಮುಟ್ಟಬ್ಯಾಡ್ರಿ" ಎಂದು ಎದ್ದಳು. ಹೊರಗೆ ಗಂಗವ್ವ ಸೆರಗಿನಿಂದ ಆಕೆಯ ಬಾಯಿ ಮುಚ್ಚಲು ಹೋದಳು. ಸಾವಿತ್ರಿ ಆ ಕೈ ಸರಿಸಿ, ತವರೂರು ಬೀಳಗಿಯ ಬಸ್ಸಿಗೆ ನಡೆದೇಬಿಟ್ಟಳು.

ಗಂಗವ್ವ ನನ್ನ ಕಡೆ ತಿರುಗಿ ಅದೇ ಸವಿದನಿಯಲ್ಲಿ ಕೇಳಿದಳು. ನಾನು ಆಕೆಯಿಂದ ಕೇಳಿದ ಕೊನೆಯ ಮಾತು ಅದು.

"ಅಳತಿ ಅಳಿಸಬ್ಯಾಡ್ರಿ ಡಾಕ್ಟ್ರ. ಮುಂದ ಬರೋ ಸೊಸಿಗೂ ಹೊಂದತೈತೇನ್ರಿ?"