ಲೆಕ್ಕದಮ್ಮ ಕೇಳಿದ ಗೆರೆ

ಲೆಕ್ಕದಮ್ಮನ ಸುದ್ದಿ ಇಸ್ತ್ರಿ ಅಕ್ಕನ ಕಿವಿಗೆ ಮೊದಲು ಬಿದ್ದದ್ದು ತನ್ನ ಗಂಡ ತೀರಿಕೊಂಡ ಐದನೆಯ ದಿನ. ಪೈಪು ಜೋಡಿಸುವ ನಲ್ಲಿಯವನು ಅವಳ ಇಸ್ತ್ರಿ ಮೇಜಿಗೆ ಒರಗಿ ನಗುತ್ತಿದ್ದ.

"ಆರೋಗ್ಯ ಇಲಾಖೆಯವಳು ಯಾರೋ ಬಂದಿದ್ದಾಳಕ್ಕ. ಎಷ್ಟು ಸಲ ಭೇದಿ ಆಯ್ತು ಅಂತ ಮನೆಮನೆಗೂ ಕೇಳಿ ಬರ್ಕೋತಾಳೆ. ಇಂಥ ಲೆಕ್ಕ ಯಾವ ಮೇಷ್ಟ್ರು ಕಲಿಸಿದ್ರೋ!" ಆಮೇಲೆ ದನಿ ತಗ್ಗಿಸಿದ. "ನೀರು ಎಲ್ಲಿಯದು ಅಂದ್ರೆ ಟ್ಯಾಂಕರಿಂದು ಅಂತ ಹೇಳು. ನಮ್ಮ ಪೈಪಿನ ವಿಷಯ ಬಾಯಿಬಿಟ್ಟೆಯೋ, ಓಣಿ ನಿನ್ನ ಸುಮ್ನೆ ಬಿಡಲ್ಲ."

ಅವನೇ ಎಳೆದ ಕಳ್ಳ ಪೈಪು ಚರಂಡಿಯೊಳಗೆ ಹಾದು ಅವಳ ಗೋಡೆಯ ಪಕ್ಕದಲ್ಲಿ ಮೇಲೆದ್ದಿತ್ತು. ಅವಳ ಸಾಲಿನ ಹನ್ನೊಂದು ಮನೆಗೂ ಅದೇ ನೀರು. ಅಷ್ಟರಲ್ಲೇ ನಾಲ್ಕು ಹೆಣ ಬಿದ್ದಿದ್ದವು.

ಲೆಕ್ಕದಮ್ಮ ಕುಳ್ಳಗಿನ ಹೆಂಗಸು. ಹರಿದ ಚಪ್ಪಲಿಗೆ ಪಿನ್ನು, ಕಂಕುಳಲ್ಲಿ ಹಾಳೆ ಸಿಕ್ಕಿಸಿದ ಬರೆಯುವ ರಟ್ಟು. ಅಂದೇ ಸಂಜೆ ಇಸ್ತ್ರಿ ಮೇಜಿನ ಮುಂದೆ ಬಂದು ನಿಂತಳು.

"ಯಜಮಾನ್ರು ಹೇಗೆ ಹೋದ್ರಕ್ಕ?"

"ಎದೆನೋವು."

"ವಾಂತಿ, ಭೇದಿ?"

"ಇಲ್ಲಮ್ಮ."

ಆತ ಒಂದೇ ಹಗಲಿನಲ್ಲಿ ಹಿಂಡಿದ ಬಟ್ಟೆಯಂತಾಗಿ ಸತ್ತಿದ್ದ. ಇಸ್ತ್ರಿ ಅಕ್ಕ ಮಡಿಸಿದ ಅಂಗಿಯನ್ನೇ ಮತ್ತೆ ಮಡಿಸಿದಳು.

ಲೆಕ್ಕದಮ್ಮ ಕಾಯಿಲೆಯೇ ಇಲ್ಲದ ಎದುರುಸಾಲಿಗೂ ಹೋಗಿಬಂದಳು.

"ಗಟ್ಟಿಮುಟ್ಟಾಗಿರೋರನ್ನ ಕೇಳಿ ಏನು ಬಂತು?" ಎಂದಳು ಇಸ್ತ್ರಿ ಅಕ್ಕ.

"ಮಲಗಿರೋರು ಕುಡಿದದ್ದೇನು, ಓಡಾಡ್ಕೊಂಡಿರೋರು ಕುಡೀದೇ ಬಿಟ್ಟದ್ದೇನು, ಅದು ಸಿಕ್ರೆ ರೋಗ ಸಿಕ್ಕ ಹಾಗೆ. ಆದ್ರೆ ಎರಡೂ ಸಾಲಿನವರು ಟ್ಯಾಂಕರ್ ಅಂತಾರೆ. ಯಾರೋ ಸುಳ್ಳು ಹೇಳ್ತಿದ್ದಾರಕ್ಕ."

ಮರುದಿನ ಮಧ್ಯಾಹ್ನ ಲೆಕ್ಕದಮ್ಮನೇ ಚರಂಡಿಯ ಚಪ್ಪಡಿ ಸರಿಸಿದಳು. ಕೊಚ್ಚೆಯಲ್ಲಿ ಮುಳುಗಿದ ಪೈಪು, ಬಿರಿದ ಜೋಡಣೆ. ಪರೀಕ್ಷೆಗೆಂದು ಸೀಸೆಯಲ್ಲಿ ನೀರು ತುಂಬತೊಡಗಿದಳು.

"ನೋಡ್ರೋ, ಸೀಸೇಲಿ ರೋಗ ತಂದು ಸುರೀತಿದ್ದಾಳೆ! ಇವಳು ಬಂದ್ಮೇಲೇ ಸಾವು ಹೆಚ್ಚಿದ್ದು!"

ನಲ್ಲಿಯವನು ಕೂಗಿದ್ದೇ ತಡ, ಮೊದಲ ಕಲ್ಲು ಅವಳ ಹಣೆ ಸೀಳಿತು. ಓಣಿಯವರು ಕೂದಲು ಹಿಡಿದು ಎಳೆದಾಡಿದರು. ಅವಳ ರಟ್ಟಿನಿಂದಲೇ ಅವಳ ಬಾಯಿಗೆ ಬಡಿದರು. ಬಿದ್ದವಳ ಹೊಟ್ಟೆಗೆ ಒದ್ದರು. ಮಗಳನ್ನು ಕಳೆದುಕೊಂಡಿದ್ದ ಹಾಲಿನವನು, ಆ ಮಗುವಿಗೆ ಕೊನೆಯ ಗುಟುಕು ಉಪ್ಪುಸಕ್ಕರೆ ನೀರು ಕುಡಿಸಿದವಳು ಇವಳೇ ಎಂಬುದನ್ನೂ ಮರೆತು, ಸಲಾಕೆ ಬೀಸಿದ. ಅವಳ ಬರೆಯುವ ಕೈ ಒಣಕಟ್ಟಿಗೆಯಂತೆ ಲಟಕ್ಕೆಂದಿತು.

ಇಸ್ತ್ರಿ ಅಕ್ಕ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ನುಗ್ಗಿದಳು. ಅಡ್ಡ ಬಂದ ನಲ್ಲಿಯವನ ತೋಳಿಗೆ ಒತ್ತಿಯೇಬಿಟ್ಟಳು. ಚರ್ಮ ಚುರ್ರೆಂದಿತು. ಅವನ ಅರಚಾಟಕ್ಕೆ ಗುಂಪು ಹಿಂದೆ ಸರಿಯಿತು.

"ಇನ್ಯಾರಿಗೆ ಬೇಕು ಗರಿಗರಿ ಇಸ್ತ್ರಿ? ಬನ್ರೋ!"

ಯಾರೂ ಬರಲಿಲ್ಲ. ಲೆಕ್ಕದಮ್ಮನನ್ನು ಒಳಗೆಳೆದು ಗಿರಾಕಿಗಳ ಹಾಸಿಗೆ ಬಟ್ಟೆಯ ಮೇಲೆ ಮಲಗಿಸಿದಳು. ಬಿಳಿ ಮಡಿಕೆಗಳೆಲ್ಲ ಕೆಂಪಾದವು.

"ನನ್ನ ಹಾಳೆ?"

"ಇದೆ ತಾಯಿ. ಸುಮ್ನಿರು, ಆಂಬುಲೆನ್ಸ್ ಬರ್ತಿದೆ."

"ಬರೆಯೋಕೆ ಬರುತ್ತಾ ಅಕ್ಕ ನಿಮಗೆ?"

"ಗೆರೆ ಎಳೀತೀನಿ. ಬಟ್ಟೆಗೆ ಗುರುತು ಹಾಕೋಷ್ಟು."

ಲೆಕ್ಕದಮ್ಮ ಮುರಿಯದ ಕೈಯಿಂದ ಪೆನ್ಸಿಲನ್ನು ಇಸ್ತ್ರಿ ಅಕ್ಕನ ಬೆರಳ ಸಂದಿಗೆ ತುರುಕಿದಳು. ಅವಳು ಕೊನೆಯದಾಗಿ ಕೇಳಿದ್ದು ಇಷ್ಟೇ:

"ಆ ಪೈಪಿನ ನೀರು ಕುಡಿದ ಮನೆಗೆ ಒಂದೊಂದು ಗೆರೆ ಹಾಕಿ. ಮೊದಲನೇದು ನಿಮ್ಮ ಮನೇದು."