ತೌಡಿಗೆ ಹೋದ ಕ್ರೋಮಿಯಂ

ಸಿರವಾರದಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ನಾನು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಊರವರಿಗೆಲ್ಲ ನನ್ನ ವಿದ್ಯೆ ಬೇಕು, ಅಪ್ಪನೊಬ್ಬನಿಗೆ ಬೇಡ.

ಹೋದ ವರ್ಷ ಒಂದು ಭಾನುವಾರ ತವರಿಗೆ ಹೋದಾಗ ಅವ್ವ ಬಾಗಿಲಲ್ಲೇ ದೂರು ಹೇಳಿದಳು. ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದ ಗುಳಿಗೆಯನ್ನು ಅಪ್ಪ ಬಿಟ್ಟು ಹದಿನೈದು ದಿನವಾಗಿತ್ತಂತೆ. ಅದರ ಬದಲು ದೇವದುರ್ಗದ ಬೀಗರು, ಅಂದರೆ ನನ್ನ ಮಾವನವರೇ, ಕೊಟ್ಟ ಕ್ರೋಮಿಯಂ ಮಾತ್ರೆಯ ಡಬ್ಬಿ ಹಿಡಿದು ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು. ಅವನ ಕಾಲಿನ ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿದದ್ದನ್ನು ನಾನು ಮರೆತಿರಲಿಲ್ಲ.

ಕ್ರೋಮಿಯಂ ಕೆಟ್ಟದ್ದಲ್ಲ, ಮೈಗೆ ಕಣದಷ್ಟು ಸಾಕು, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್‌ಗೆ ಅದು ಕೈಜೋಡಿಸುತ್ತದೆ ಅನ್ನುತ್ತಾರೆ, ಆದರೆ ಡಬ್ಬಿಯಲ್ಲಿ ಕೊಂಡು ನುಂಗಿದರೆ ಎಷ್ಟು ಲಾಭವೋ ಖಚಿತವಿಲ್ಲ, ಡಾಕ್ಟರ ಗುಳಿಗೆಯ ಜಾಗದಲ್ಲಿ ಅದು ಕೂರಲಾರದು ಎಂದು ಗಂಟಲು ಹರಿಯುವಂತೆ ಹೇಳಿದೆ. ಅಪ್ಪ ಆಕಳಿಸಿದ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ಕೇಳಿದಳು, “ಅದು ಊಟದಾಗ ಸಿಗಂಗಿಲ್ಲೇನು?”

“ಸಿಗ್ತದ. ಪಾಲಿಶ್ ಮಾಡದ ಅಕ್ಕಿಯಾಗ ಅದ. ಪಾಲಿಶ್ ಮಾಡಿದ್ರ ಬಹಳಷ್ಟು ತೌಡಿನ ಜೊತಿ ಹೋಗ್ತದ.”

ಅವ್ವನ ಕೈ ನಿಂತಿತು. “ಅಂದ್ರ ನಿಮ್ಮಪ್ಪ ಇಷ್ಟು ವರ್ಷ ಅದನ್ನ ಕೆರದು ಕೆರದು ಮಂದಿ ಎಮ್ಮಿಗೆ ಹಾಕಿ, ಈಗ ಡಬ್ಬಿಯಾಗ ಇಸ್ಕೊಂಡು ತಿನ್ನಾಕತ್ತಾರ?”

ಹೇಳಿದವಳೇ ಸೆರಗು ಬಾಯಿಗಿಟ್ಟು ನಗತೊಡಗಿದಳು. “ಅದಕ್ಕ ಯಾ ಎಮ್ಮಿಗೂ ಸಕ್ಕರಿ ಇಲ್ಲ ನೋಡು!” ಎಂದು ಮತ್ತೆ ನಕ್ಕಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಬಿದ್ದು ಬಿದ್ದು ನಕ್ಕೆ. ತನ್ನ ಗಿರಣಿಯ ಅಕ್ಕಿಯಷ್ಟು ಬೆಳ್ಳನೆಯದು ಸುತ್ತಲೆಲ್ಲೂ ಇಲ್ಲವೆಂದು ಮೆರೆಯುವವನು ಅಪ್ಪ. ಮೊದಲು ಮುಖ ಊದಿಸಿದ. “ನಾನೂ ಎಮ್ಮಿ ಆಗಬೇಕೇನು ಹಂಗಾದ್ರ?” ಎಂದು ಕೇಳಿ, ತಾನೇ ಹೊಟ್ಟೆ ಕುಣಿಸಿ ನಕ್ಕ. ಎಷ್ಟೋ ದಿನದ ಮೇಲೆ ಮೂವರೂ ಹಾಗೆ ನಕ್ಕಿದ್ದೆವು.

ಅದೇ ಹೊತ್ತು ನೋಡಿ ಅವ್ವ ಡಾಕ್ಟರ ಗುಳಿಗೆ, ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು. ಅಪ್ಪ ಗುಳಿಗೆ ನುಂಗಿ, ನನ್ನ ಕಡೆ ನೋಡದೆ ಹೇಳಿದ:

“ನಿಮ್ಮ ಮಾವ ದಿನಾ ಫೋನ್ ಮಾಡಿ, ಹಳೀ ಗುಳಿಗಿ ಬಿಟ್ರೇನ್ರೀ ಅಂತ ಕೇಳ್ತಾರವ್ವಾ. ಇಲ್ಲ ಅಂದ್ರ ಆ ಮನ್ಯಾಗ ನಿನಗ ಯಾರರೆ ಒಂದು ಮಾತು ಅಂದಾರು ಅಂತ ಬಿಟ್ಟಿದ್ದೆ.”

ಇಷ್ಟು ಹೊತ್ತು ನಾನು ಬೈದದ್ದು ಇವನನ್ನು. ಅಳು ಬಂತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅಲ್ಲೇ ಕೂತು ಮಾವನವರಿಗೆ ಫೋನ್ ಹಚ್ಚಿದೆ.