ಆಚಾರ್ರ ಟಿಕೆಟ್ಟು, ನನ್ನ ಪಿಂಚಣಿ

ನನಗೂ ಹಳೇ ಪಿಂಚಣಿ ಸಿಕ್ಕಿತು ಅನ್ನೋ ಸುದ್ದಿ ಫೋನಿಗೆ ಬಂದಾಗ ನಾನು ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಷೇರುಪೇಟೆ ಬಿದ್ದರೆ ಜೊತೆಗೇ ಬೀಳುವ ಹೊಸ ಪಿಂಚಣಿಯನ್ನು ನೆನೆದು ನಿದ್ದೆಗೆಟ್ಟಿದ್ದ ಸರ್ಕಾರಿ ಶಾಲೆ ಟೀಚರು ನಾನು! ಅಲ್ಲೇ ಮೈಸೂರು ಪಾಕು ಕಟ್ಟಿಸಿಕೊಂಡು ಬಸ್ಸು ಹತ್ತಿದವಳು, ಪಕ್ಕದ ಸೀಟಿನ ಗುರುತಿಲ್ಲದ ಯಜಮಾನರಿಗೂ ಒಂದು ತುಂಡು ಕೊಟ್ಟೆ. ಚಿನಕುರಳಿಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರಂತೆ.

"ಏನವ್ವ ವಿಸೇಸ?"

"ರಿಟೈರಾದ್ಮೇಲೆ ಸಾಯೋವರ್ಗೂ ತಿಂಗ್ಳು ತಿಂಗ್ಳು ಪಿಂಚಣಿ ಬರುತ್ತೆ, ಆಚಾರ್ರೇ! ಅದಕ್ಕೆ ಅಂತ ಇನ್ಮೇಲೆ ನನ್ ಸಂಬ್ಳ ಹಿಡ್ಕೊಳೋದೂ ಇಲ್ಲ!"

"ಅಂಗಾರೆ ಯಾರ್ ಕೊಡ್ತಾರೆ?"

"ಸರ್ಕಾರ."

"ಸರ್ಕಾರಕ್ಕೆ ಎಲ್ಲಿಂದ ಬತ್ತದೆ?"

"ತೆರಿಗೆಯಿಂದ," ಅಂದೆ. ಯಾಕೋ ದನಿ ಸಣ್ಣಗಾಯಿತು.

ಅಷ್ಟರಲ್ಲಿ ಕಂಡಕ್ಟರು ಬಂದು, ಹೆಂಗಸರ ಉಚಿತ ಟಿಕೆಟ್ಟು ನನಗೆ ಕೊಟ್ಟು, ಆಚಾರ್ರ ಮುಂದೆ ಕೈ ಚಾಚಿದ.

"ನನ್ನ್ಯಾಕಪ್ಪ ಕೇಳ್ತೀಯ? ಇವ್ರ ಟಿಕೆಟ್ಟೂ ನಂದೇ, ನಾಳೆ ಪಿಂಚಣೀನೂ ನಂದೇ. ಇವತ್ತೊಂದ್ ದಿನ ನನ್ ಟಿಕೆಟ್ ಅವ್ರು ತಗಳ್ಲಿ ಬುಡು."

ಅಂಥ ಖುಷಿಯಲ್ಲಿ ಯಾರು ವಾದ ಮಾಡುತ್ತಾರೆ? ನಾನೇ ತೆಗೆಸಿದೆ. ಚಿನಕುರಳಿಯಲ್ಲಿ ಇಳಿಯುವಾಗ ಆಚಾರ್ರು ಬೆರಳು ಚೀಪುತ್ತಾ ತಿರುಗಿ ಕೇಳಿದರು: "ದಿನಾ ಇದೇ ಬಸ್ಸಿಗೇ ಬತ್ತೀರೇನವ್ವ?"